ಬಿಳಿ ತಂಡ

ಅಂಗಿಯಿಂದ ಕಳಚಿದ ಗುಂಡಿ ಕೈಗೆ ಸಿಕ್ಕರೆ ಈಗಲೂ ಹೈದರಾಬಾದಿನ ಕೂಕಟ್‌ಪಲ್ಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

"ಹುಡುಗ್ಯಾರಿಗೆ ಫುಟ್‌ಬಾಲ್ ಆಡಾಕ ಬರೂದಿಲ್ಲ, ಮನೀಗೆ ಹೋಗು" ಎಂದು ಅಣ್ಣ ಗೆಳೆಯರೆದುರೇ ನನ್ನನ್ನು ಮೈದಾನದಿಂದ ಓಡಿಸಿದ್ದ.

ನಾನು ಅಳಲಿಲ್ಲ. ಕೇರಂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಗೋಲು ಬರೆದು ಹೊಸ ಆಟ ಕಟ್ಟಿದೆ. ಗುಂಡಿಗಳೇ ಆಟಗಾರರು, ಒಣ ಬಟಾಣಿಯೇ ಚೆಂಡು. ಎಷ್ಟು ಹೊಡೆತ ಎಂಬುದು ಕವಡೆಯ ಪಾಲು, ಗುರಿ ಮಾತ್ರ ಬೆರಳಿನದು. ನುಣ್ಣನೆಯ ಬಿಳಿ ತಂಡವನ್ನು ಅಣ್ಣನಿಗೇ ಕೊಟ್ಟೆ.

ಕವಡೆಯೂ ಅವನಿಗೇ ಒಲಿಯಿತು. ಗೆದ್ದೆನೆಂದು ಮನೆ ತುಂಬ ಕುಣಿದ. ನಾನು ಬೋರ್ಡನ್ನು ಹಾಗೇ ಬಿಟ್ಟೆ.

ಮರುದಿನ ಬೆಳಿಗ್ಗೆ ಶಾಲೆಯ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿತ್ತು.

"ಅವ್ವಾ, ನನ್ನ ಎರಡೂ ಯೂನಿಫಾರ್ಮಿಗೆ ಒಂದೂ ಗುಂಡಿ ಇಲ್ಲ!" ಎಂದು ಅಣ್ಣ ಕೂಗಿದ.

"ಗೆದ್ದ ನಿನ್ನ ಟೀಮ್ ಇನ್ನೂ ಬೋರ್ಡ್ ಮ್ಯಾಲ ಐತಿ," ಎಂದೆ. "ಹಾಕ್ಕೊಂಡು ಹೋಗು."