ಖಾರ ಉಂಡಿ

ಕೇಳ್ರಿಲ್ಲೆ. ಬ್ಯಾಡಗಿಯೊಳಗ ಸುಳ್ಳ ಆ್ಯಕ್ಟಿಂಗ್ ಹಿಡಿಯೋ ಮಷೀನು ಒಂದ ಐತಿ. ಅದರ ಹೆಸರು ಯುವರಾಜ. ಅಂದ್ರ ನಾ. ಹೊಟ್ಟಿನೋವು ಅಂತ ಸಾಲಿ ತಪ್ಪಸೋರು, ಬೆನ್ನು ಉಳುಕೇತಿ ಅಂತ ಚೀಲ ಹೊರಲಾರದ ಕುಂದ್ರೋರು, ಎಲ್ಲಾರೂ ನನ್ನ ಮುಂದ ಎಂಟ್ರಿ ಸೀನಿನಾಗ ಔಟ್. ಈ ಪಂಚಮಿಗೆ ನಾ ಕಣ್ಣಿಟ್ಟದ್ದು ಐದು ವರ್ಷದ ಹೀರೋಯಿನ್ ಮ್ಯಾಲ.

ಭೂಮಿಕಾ. ನಮ್ಮ ಸುನಿತಕ್ಕನ ಮಗಳು. ಹಬ್ಬಕ್ಕಂತ ತಾಯಿ ಕೂಡ ರಾಣೆಬೆನ್ನೂರಿಂದ ಬಂದಿದ್ಲು. ನಮ್ಮವ್ವ ಮೈಲವ್ವ ಡಬ್ಬಿಗಟ್ಲೆ ಉಂಡಿ ಕಟ್ಟಿದ್ಲು. ಹುಡುಗಿ ರವಾ ಉಂಡಿ ಮ್ಯಾಲ ರವಾ ಉಂಡಿ ತಿಂದ್ಲು. ಶೇಂಗಾ ಉಂಡಿ ಒಂದ ಚೂರು ಬಾಯಿಗಿಟ್ಟು ಉಗುಳಿದ್ಲು.

"ಖಾರ."

ಬಾಜೂಮನಿ ಶಂಕ್ರಪ್ಪಕಾಕಾ ಹೊಟ್ಟಿ ಹಿಡಕೊಂಡು ನಕ್ಕ. ಬೆಲ್ಲದ ಉಂಡೀನ ಖಾರ ಆದ್ರ ನಮ್ಮೂರ ಮೆಣಸಿನಕಾಯಿ ಮರ್ಯಾದಿ ಏನಾಗಬೇಕು ಅಂದ. ಅಕ್ಕ ಮಗಳ ಕುತ್ತಿಗಿ ಮ್ಯಾಲ ಎದ್ದ ದದ್ದು ತೋರಿಸಿದ್ಲು. ಅವ್ವ ನೋಡಿ, ಮೆಣಸಿನಕಾಯಿ ಘಾಟು, ಪರವೂರಿನವರಿಗೆ ಹಂಗ, ಅಂದ್ಲು. ಖರೇನ. ಮೆಣಸಿನಕಾಯಿ ಯಾರ್ಡಿನಾಗ ಚೀಲ ಹೊರೋ ನನಗೂ ಕುತ್ತಿಗಿ ತುರಸ್ತೈತಿ. ಹಬ್ಬಕ್ಕ ಯಾರ್ಡು ಬಂದ್ ಆದ್ರೂ ಕಮ್ಮಿ ಆಗಂಗಿಲ್ಲ. ನಾ ಯಾರ ಮುಂದರ ಅಳ್ತೇನಿ?

ಆಕಿ ಮುಂದ ಕುಂತೆ. ಒಂದ ಇಡೀ ಶೇಂಗಾ ಉಂಡಿ ಬಾಯಾಗ ಒಗದು, ಮ್ಯಾಲ ಒಂದ ತಂಬಿಗಿ ನೀರು ಗಟಗಟ ಕುಡದೆ.

"ನೋಡವಾ ಹೀರೋಯಿನ್. ನಾ ಸಣ್ಣಾಂವಿದ್ದಾಗಿಂದ ತಿನ್ನಾಕತ್ತೇನಿ. ಇಷ್ಟಕ್ಕ ಅಷ್ಟ ಡ್ರಾಮಾ ಯಾಕ?"

"ಖರೇ ಖಾರ ಐತಿ ಮಾಮಾ."

ಸಂಜಿಮುಂದ ನನ್ನ ಪ್ಲಾನ್ ತಯಾರಾತು. ಒಂದ ಚಿಟಿಕಿ ಶೇಂಗಾ ಪುಡಿ ರವಾ ಉಂಡಿಯೊಳಗ ತುರುಕಿ, ಮತ್ತ ದುಂಡಗ ಮಾಡಿ ಕೊಟ್ಟೆ. ಗೊತ್ತಿಲ್ದ ತಿಂದ್ರ ಸುಮ್ನ ಇರ್ತಾಳ, ಎಲ್ಲಾರ ಮುಂದ ಸಿಕ್ಕಬೀಳ್ತಾಳ.

ತಿಂದ್ಲು. ನಕ್ಕಳು. ನಾ ಅಕ್ಕನ್ನ ಕರಿಯಾಕ ಬಾಯಿ ತಗದೆ.

ಅಷ್ಟರಾಗ ಭೂಮಿಕಾ ಗಂಟಲ ಹಿಡಕೊಂಡ್ಲು. ಏನೋ ಹೇಳಾಕ ಹೋದ್ಲು, ದನಿ ಹೊರಗ ಬರಲಿಲ್ಲ. ತುಟಿ ದಪ್ಪಗಾದ್ವು. ಉಸಿರು ಸಣ್ಣ ಸೀಟಿ ಹೊಡದಂಗ ಎಳ್ಯಾಕತ್ತಿತು. ಅಂಥಾ ಆ್ಯಕ್ಟಿಂಗ್ ಯಾರಿಗೂ ಬರಂಗಿಲ್ಲ.

ಹೊತ್ತಕೊಂಡು ಓಡಿದೆ. ಶಂಕ್ರಪ್ಪಕಾಕಾ ಆಟೋ ತಗದ. ದವಾಖಾನಿಯೊಳಗ ಏನ ತಿಂದಾಳಂತ ಡಾಕ್ಟರ್ ಕೇಳಿದ್ರು. ರವಾ ಉಂಡಿ ಅಂದ್ಲು ಅಕ್ಕ.

"ಶೇಂಗಾ ಐತ್ರಿ ಅದರಾಗ," ಅಂದೆ. "ನಾನ ಹಾಕೇನಿ."

ಅಕ್ಕ ನನ್ನ ಕೈಯಾಗಿಂದ ಮಗಳನ್ನ ಕಸಗೊಂಡ್ಲು. ಡಾಕ್ಟರ್ ಲಗೂನ ಹುಡುಗಿ ತೊಡಿಗೆ ಸೂಜಿ ಚುಚ್ಚಿದ್ರು. ಸೀಟಿ ನಿಲ್ಲೋತನಕ ನಾ ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದೆ.

ಮುಂದಿನ ತಿಂಗಳು ಹಾವೇರಿಯೊಳಗ ಅಲರ್ಜಿ ತಪಾಸಣಿ. ಭೂಮಿಕಾನ ಮುಂಗೈ ಮ್ಯಾಲ ಸಾಲಾಗಿ ಹನಿ ಹಾಕಿ ಸಣ್ಣಗ ಚುಚ್ಚಿದ್ರು. ಶೇಂಗಾ ಹನಿ ಬಿದ್ದಲ್ಲಿ ಸೊಳ್ಳಿ ಕಡದಂಗ ಉಬ್ಬಿತು. ಶೇಂಗಾ ಆಕಿಗೆ ವಿಷ ಇದ್ದಂಗ, ಇನ್ನ ಮ್ಯಾಲ ಒಂದ ಕಾಳೂ ಬ್ಯಾಡ ಅಂದ್ರು ಅಲ್ಲಿನ ಡಾಕ್ಟರಮ್ಮ.

"ಬಾಯಿ ತುರಸ್ತೈತಿ, ಗಂಟಲ ಬಿಗೀತೈತಿ ಅನ್ನಾಕ ಕೂಸಿಗೆ ಬಂದಿಲ್ಲ. ಅದಕ್ಕ ಖಾರ ಅಂದೈತಿ. ಬೆಲ್ಲದ ಉಂಡಿ ಯಾರಿಗರ ಖಾರ ಹತ್ತತೈತೇನ್ರಿ?"

ಅಕ್ಕ ಇಲ್ರಿ ಅಂದ್ಲು. ಅವ್ವ ಇಲ್ರಿ ಅಂದ್ಲು. ನನಗ ನಗಿ ಬಂತು. ಇವ್ರೂ ಸುಳ್ಳ ಹೇಳಾಕತ್ತಾರಂತ ತಿಳಕೊಂಡೆ.

"ಹತ್ತಂಗಿಲ್ಲೇನ್ರಿ ಮತ್ತ? ಖಾರ ಹತ್ತೋದಕ್ಕ ಅಲ್ಲೇನು ಮ್ಯಾಲ ತಂಬಿಗಿ ನೀರು ಕುಡಿಯೋದು?"

ಡಾಕ್ಟರಮ್ಮ ಇನ್ನೊಂದ ಸೂಜಿ, ಅದ ಶೇಂಗಾ ಹನಿ ತಗೊಂಡು, ನನಗ ಅಂಗಿ ತೋಳು ಏರಸು ಅಂದ್ರು.

ಖರೇ ಹೇಳ್ತೇನಿ, ಶೇಂಗಾ ಉಂಡಿ ಸಿಹಿ ಇರ್ತೈತಿ ಅಂತ ನನಗ ಗೊತ್ತಾಗಿದ್ದ ಅವತ್ತ.