ಅಕ್ಕಿಕಾಳಿಗೆ ಮುಂಚೆ

ಸಂಗವ್ವ ಹಣೆಗೆ ಕಟ್ಟಿದ್ದ ಬಾಸಿಂಗ ಬಿಚ್ಚಿ ನೆಲಕ್ಕಿಟ್ಟಳು. ಕಲ್ಯಾಣ ಮಂಟಪದ ವಧುವಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು, ನಾನು ಏಳುವುದಿಲ್ಲ ಎಂದಳು. ಯಾಕೆ ಎಂದು ಹೇಳಲಿಲ್ಲ.

ಹೊರಗೆ ಅರ್ಧ ಇಳಕಲ್ ಬಂದು ಕೂತಿತ್ತು. ಅಪ್ಪ ಅವ್ವನ ಮದುವೆಗೆ ಐವತ್ತು ವರ್ಷವಾಯಿತು, ಮತ್ತೊಮ್ಮೆ ತಲೆಗೆ ಅಕ್ಷತೆಯ ಅಕ್ಕಿಕಾಳು ಹಾಕಿಸೋಣ ಎಂದು ಹಟ ಹಿಡಿದವಳು ಕಿರಿಯ ಮಗಳು ಬಸವೇಶ್ವರಿ. ಈಗಿನವರಿಗೆ ಇದೊಂದು ಹುಚ್ಚು, ಇರಲಿ. ಆದರೆ ಅವಳು ಯಾರಿಗೂ ಹೇಳದೆ ಹುನಗುಂದದ ಕಡೆಯ ಹಳ್ಳಿಗೆ ಕಾರು ಕಳಿಸಿ, ಅಪ್ಪನ ಸೋದರತ್ತೆ ದುರಗವ್ವನನ್ನೂ ಕರೆಸಿದ್ದಳು. ಮುದುಕಿಯ ಹಲ್ಲು ಹೋಗಿವೆ, ನೆನಪು ಹೋಗಿಲ್ಲ. ಮುಂದಿನ ಸಾಲಿನಲ್ಲಿ ಅವಳನ್ನು ಕಂಡ ಮೇಲೆಯೇ ಸಂಗವ್ವನ ಕೈ ಬಾಸಿಂಗಕ್ಕೆ ಹೋದದ್ದು.

ಬಸವೇಶ್ವರಿ ಮೊದಲು ರಮಿಸಿದಳು, ಆಮೇಲೆ ಗದರಿದಳು. ಅಯ್ಯನವರು ಕಾಯುತ್ತಿದ್ದಾರೆ, ಅಡಿಗೆ ಆರುತ್ತಿದೆ, ಮಂದಿ ಏನೆಂದಾರು ಎಂದಳು. ವಿದ್ಯಾಗಿರಿಯ ಕಾಲೇಜಿನಲ್ಲಿ ಕಲಿಸುವ ಹಿರಿಯ ಮಗಳು ಶಿವಗಂಗಾ ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು.

"ಬಿಡವಾ ಬಸು. ಹೊಟ್ಟಿ ನೋವಂತ ಹೇಳಿ ಮಂದಿಗೆ ಉಣ್ಣಾಕ ನೀಡು."

"ನೀ ಒಂದ ಕಡ್ಡಿ ಎತ್ತಿಡಲಿಲ್ಲ, ಈಗ ಕೆಡಸಾಕ ಬಂದಿ. ಮೊದಲಿಂದ ನಿನಗ ಈ ಕಾರ್ಯ ಬ್ಯಾಡಾಗಿತ್ತು. ಯಾಕಂತ ನೀ ಹೇಳಲಿಲ್ಲ."

ಶಿವಗಂಗಾ ಅವ್ವನ ಕಡೆ ನೋಡಿದಳು. ಅವ್ವ ತಲೆ ಎತ್ತಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

"ಅವ್ವಂದು ಅಪ್ಪನ ಕೂಡ ಆಗಿದ್ದು ಲಗ್ನ ಅಲ್ಲ. ಉಡಿಕಿ."

ಉಡಿಕಿ ಎಂದರೆ ಗಂಡ ಸತ್ತವಳಿಗೆ ಕತ್ತಲಾದ ಮೇಲೆ ಒಂದು ಸೀರೆ ಉಡಿಸಿ, ತಾಳಿ ಕಟ್ಟಿ, ಸದ್ದಿಲ್ಲದೆ ಮನೆಗೆ ಕರೆದುಕೊಳ್ಳುವುದು. ವಾಲಗವಿಲ್ಲ, ಮುತ್ತೈದೆಯರಿಲ್ಲ, ಅಕ್ಕಿಕಾಳಂತೂ ಇಲ್ಲವೇ ಇಲ್ಲ; ಹೆಣ್ಣಿನ ತಲೆಗೆ ಅದು ಜನ್ಮಕ್ಕೆ ಒಂದೇ ಸಲ ಎಂದು ಕಟ್ಟು. ನಮ್ಮ ಜನ ಬಸವಣ್ಣನ ಫೋಟೋಕ್ಕೆ ದಿನಾ ಹೂ ಏರಿಸುತ್ತಾರೆ, ಆ ಕಟ್ಟನ್ನು ಮಾತ್ರ ಬಿಟ್ಟಿಲ್ಲ. ಹಾಗೆ ಸಂಗವ್ವನನ್ನು ಮಾಡಿಕೊಂಡ ಅಂದಾನಪ್ಪ ಹಳ್ಳಿ ಬಿಟ್ಟು ಇಳಕಲ್ಲಿಗೆ ಬಂದು ಕಲ್ಲಿನ ಖಣಿ ಸೇರಿದ. ಇಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಓಣಿಯ ಮದುವೆಗಳಲ್ಲಿ ಮುತ್ತೈದೆಯರನ್ನು ಶಾಸ್ತ್ರಕ್ಕೆ ಕರೆದಾಗಲೆಲ್ಲ ಸಂಗವ್ವನಿಗೆ ಅಡಿಗೆಮನೆಯಲ್ಲಿ ಏನೋ ಕೆಲಸ ಬಿದ್ದಿರುತ್ತಿತ್ತು.

ಬಸವೇಶ್ವರಿ ಅಕ್ಕನ ಮುಖವನ್ನೇ ನೋಡುತ್ತ ನಿಂತಳು. "ಹಂಗಾರ ನೀ?"

"ನಾ ಅವ್ವನ ಬಗಲಾಗ ಕುಂತು ಈ ಮನಿಗೆ ಬಂದಾಕಿ. ಅಪ್ಪ ಸಾಲ್ಯಾಗ ನನ್ನ ವಯಸ್ಸು ಕಡಿಮಿ ಮಾಡಿ ಬರಸ್ಯಾನ. ನನ್ನ ಲಗ್ನದ ದಿನ ಅವ್ವ ಹೇಳಿದ್ಲು."

"ಇಷ್ಟ ವರ್ಷ ಮೂರೂ ಮಂದಿ ಕೂಡಿ ನನ್ನ ಹೊರಗ ಇಟ್ರಿ," ಎಂದಳು ಬಸವೇಶ್ವರಿ. ಧ್ವನಿ ಏರಲಿಲ್ಲ, ಅದಕ್ಕೇ ಶಿವಗಂಗಾಳಿಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಂದಾನಪ್ಪ ಬಂದ. ತಲೆಗೆ ಹೊಸ ರುಮಾಲು, ಅದರ ಮೇಲೆ ಬಾಸಿಂಗ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂದ. ಉಡಿಕಿ ಹೆಂಡತಿಗೆ ಎಂಥ ಅಕ್ಕಿಕಾಳೋ ಎಂದು ದುರಗವ್ವ ಕೇಳಿದ್ದಳಂತೆ. ಕಿವುಡಿ ಬೇರೆ, ಮೆಲ್ಲಗೆ ಕೇಳುವುದು ಗೊತ್ತಿಲ್ಲ. ಹಿಂದಿನ ಸಾಲಿನವರಿಗೂ ಕೇಳಿಸಿದೆ. ಕೆಲವರು ಎದ್ದು ಊಟಕ್ಕೆ ಹೋದರು, ಹೆಚ್ಚಿನವರು ಮುಂದೇನಾಗುತ್ತದೆ ಎಂದು ಕೂತಿದ್ದಾರೆ.

ಬಸವೇಶ್ವರಿ ಅಪ್ಪನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಸಂಗವ್ವ ಆಗ ಮತ್ತೆ ಬಾಯಿ ಬಿಟ್ಟಳು.

"ನನಗ ಒಮ್ಮೆ ಬಿದ್ದಾವ. ಮತ್ತ ಬೀಳಬಾರದು. ನಿಮಗೇನರ ಹೆಚ್ಚುಕಡಿಮಿ ಆದ್ರ ನಾ ಏನ ಮಾಡಲಿ?"

ಅಂದಾನಪ್ಪ ಮೊಣಕಾಲು ಹಿಡಿದುಕೊಂಡು, ಮೆಲ್ಲಗೆ ಅವಳ ಎದುರು ನೆಲದ ಮೇಲೆ ಕೂತ.

"ನಿನಗ ಬಿದ್ದಾವ, ಖರೆ. ನನ್ನ ತಲಿಮ್ಯಾಲ ಇನ್ನೂ ಒಂದ ಕಾಳೂ ಬಿದ್ದಿಲ್ಲ."