ಬೆಟ್ಟದ ದಾರಿಯಲ್ಲಿ ಕೇಳಿದ ದನಿ

ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ನಾಲ್ಕು ವರ್ಷ ಗಂಡ ವನಜಾಳೊಡನೆ ಒಂದು ಮಾತೂ ಆಡಿರಲಿಲ್ಲ. ಆಸ್ಪತ್ರೆಗೆ ಒಯ್ಯಲು ತಡಮಾಡಿದವಳು ಅವಳೇ ಎಂಬ ಸಿಟ್ಟು ಅವನಿಗೆ. ಬೆಟ್ಟ ಹತ್ತುವ ಈ ಮೌನ ನಡಿಗೆಗೆ ಇಬ್ಬರ ಹೆಸರನ್ನೂ ಬರೆಸಿದವಳು ಅವಳು. ಅವನು ಬೇಡವೆನ್ನದೆ ಬಂದಿದ್ದ, ಅಷ್ಟೆ.

ಬೆಟ್ಟದ ಬುಡದಲ್ಲಿ ಗುಂಪನ್ನು ನಡೆಸುವ ಅಮ್ಮ ಹೇಳಿದರು: "ತುದಿ ಮುಟ್ಟೋವರೆಗೂ ಯಾರೂ ಮಾತಾಡ್ಬೇಡಿ, ತಿರುಗಿ ನೋಡ್ಬೇಡಿ. ನೀವು ಯಾರ ದನಿಗೆ ಹಂಬಲಿಸ್ತಿದ್ದೀರೋ, ಅದೇ ನಿಮ್ಮೊಳಗೆ ಕೇಳಿಸತ್ತೆ."

ಹನ್ನೆರಡು ಜನ ಸಾಲಾಗಿ ಹತ್ತತೊಡಗಿದರು. ಎಲ್ಲರಿಗಿಂತ ಹಿಂದೆ ಗಂಡ, ಅವನ ಮುಂದೆ ವನಜಾ. ಕಡಿದಾದ ಒಂದು ತಿರುವು ದಾಟಿದಾಗ ಅವಳಿಗೆ ಕೇಳಿಸಿತು.

"ವನಜಾ..."

ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನೂ ಮೆಲ್ಲಗೆ, "ವನಜಾ..."

ಅವಳ ಕಣ್ಣು ತುಂಬಿ ಬಂತು. ತಿರುಗಿದರೆ ಎಲ್ಲಿ ಆ ದನಿ ನಿಂತುಬಿಡುವುದೋ ಎಂಬ ಭಯಕ್ಕೆ ನೇರವಾಗಿ ನಡೆದಳು.

ತುದಿಯಲ್ಲಿ ಅಮ್ಮನ ಕೈ ಹಿಡಿದು ಅತ್ತಳು. "ಕೇಳಿಸ್ತು ಅಮ್ಮ. ನಮ್ಮ ಯಜಮಾನ್ರ ದನಿ. ಎರಡು ಸಲ ನನ್ನ ಹೆಸರು ಹಿಡಿದು ಕರೆದ್ರು."

"ಪುಣ್ಯವಂತೆ ಕಣಮ್ಮ ನೀನು. ಎಲ್ಲಿ ಅವ್ರು? ಅವರನ್ನೂ ಕರಿ, ಇಬ್ರೂ ಒಟ್ಟಿಗೆ ಕೂತ್ಕೊಳ್ಳಿ."

ವನಜಾ ತಿರುಗಿ ನೋಡಿದಳು. ಹತ್ತಿ ಬಂದ ದಾರಿ ಖಾಲಿಯಾಗಿತ್ತು.

ಎಲ್ಲರೂ ತಿರುವಿನವರೆಗೆ ಓಡಿದರು. ಅವನು ಬಂಡೆಗೊರಗಿ, ಎರಡೂ ಕೈಯಿಂದ ಎದೆ ಒತ್ತಿ ಹಿಡಿದು ಕೂತಿದ್ದ. ಮೈ ಆಗಲೇ ತಣ್ಣಗಾಗಿತ್ತು.